ಅರ್ಧದಾರಿಯ ಸೀಟು

ನಿಂತ ಬಸ್ಸಿನ ಕಿಟಕಿಯೊಳಗೆ ಟವಲ್ಲು ತೂರಿ ಸೀಟು ಹಿಡಿಯುವ ವಿದ್ಯೆಯನ್ನು ನೀವೂ ಕಲಿತಿರುತ್ತೀರಿ. ಎಂಬತ್ತರ ದಶಕದ ಕೊನೆಯಲ್ಲಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸಿ ಸಂಜೆಯ ಬಸ್ಸಿಗೆ ದೇವನಹಳ್ಳಿಗೆ ಮರಳುತ್ತಿದ್ದ ನಾನು ಇದರಲ್ಲಿ ಪಾರಂಗತನಾಗಿದ್ದೆ. ಬೋಧನೆಯಲ್ಲೂ ಆಗಿದ್ದೆನೇ ಎಂದು ನನ್ನ ವಿದ್ಯಾರ್ಥಿಗಳನ್ನು ಮಾತ್ರ ಕೇಳಬೇಡಿ. ಟವಲ್ಲು ಬಿದ್ದ ಜಾಗ ಟವಲ್ಲಿನವನದು. ಸ್ವತ್ತಿನ ಹಕ್ಕನ್ನು ಕುರಿತು ಬಲಪಂಥದ ಪಂಡಿತರು ದಪ್ಪ ಗ್ರಂಥಗಳಲ್ಲಿ ಹೇಳುವುದೂ ಹೆಚ್ಚುಕಡಿಮೆ ಇಷ್ಟೇ. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಇಳಿಬಿಸಿಲಿನಲ್ಲಿ ಹಿಂದೆ ಸರಿಯುತ್ತಿರುವಾಗ ನನ್ನ ಕಣ್ಣುಗಳು ಅರೆಮುಚ್ಚುತ್ತಿದ್ದವು. ಆ ಮಂಪರಿನಲ್ಲಿ ಎಡಪಂಥ ಬಂದು, ಅಗತ್ಯವಿದ್ದವರಿಗೆ ಬಿಟ್ಟುಕೊಡು ಎಂದು ಹೆಗಲು ತಟ್ಟುತ್ತಿತ್ತು. ಉದಾರವಾದ ಬಂದು, ನೀನು ಕೂರುವವನೋ ನಿಲ್ಲುವವನೋ ನಿನಗೇ ತಿಳಿಯದೆಂದು ಭಾವಿಸಿಕೊಂಡು ನಿಯಮ ಬರೆ ಎಂದು ಕಿವಿಯಲ್ಲಿ ಉಸುರುತ್ತಿತ್ತು. ಎರಡಕ್ಕೂ ತಲೆದೂಗುತ್ತ ನಾನು ಕೂತೇ ಇರುತ್ತಿದ್ದೆ.

ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು, ಕಡಿದ ಎಳೆ ಕೂಡಿಸುತ್ತಿದ್ದ ಗಂಗಮ್ಮನವರು ಬಸ್ಸು ಹೊರಡುವ ಹೊತ್ತಿಗೆ ಓಡಿಬಂದು ಹತ್ತುವವರು. ಊದಿದ ಕಾಲಿನಲ್ಲಿ ಕಂಬಿ ಹಿಡಿದು ನಿಂತು, ಹೀಗೇ ಆದರೆ ಕೆಲಸ ಬಿಡುವುದೇ ಗತಿ ಎಂದು ಪಕ್ಕದವರಿಗೆ ಹೇಳಿಕೊಂಡದ್ದು ಒಂದು ಸಂಜೆ ಕಿವಿಗೆ ಬಿತ್ತು. ನನಗೆ ಸಂಕಟವಾಯಿತು. ಎದ್ದು ಸೀಟು ಕೊಡಹೋದೆ.

“ಇವತ್ತು ಕೊಡ್ತೀರ ಮೇಷ್ಟ್ರೇ, ನಾಳೆ?” ಎಂದರು. “ದಿನಾ ನಿಮ್ಮ ಮುಖ ನೋಡ್ಕೊಂಡು ಕೂತ್ಕೊಳ್ಳೋಕಾಗ್ತದಾ? ನಿಂತು ದುಡಿಯೋರು ಆಲದಮರದ ತನಕ ಕೂರ್ಲಿ, ಆಮೇಲೆ ಸೀಟು ಹಿಡಿದೋರು ಕೂರ್ಲಿ.”

“ನಾನೂ ನಿಂತೇ ಪಾಠ ಮಾಡೋದು ಗಂಗಮ್ಮ,” ಎಂದೆ.

“ಅದಕ್ಕೇ ನಿಮಗೆ ಅರ್ಧ ಬಿಟ್ಟಿದೀನಲ್ಲ,” ಎಂದರು. ಬಸ್ಸೆಲ್ಲ ನಕ್ಕಿತು.

ಆಲದಮರ ಸರಿಯಾಗಿ ಅರ್ಧದಾರಿಗಿತ್ತು; ಮರುದಿನದಿಂದ ಬಸ್ಸಿನಲ್ಲಿ ಅದೇ ನಿಯಮವಾಯಿತು. ಹಿಪ್ಪುನೇರಳೆ ತೋಟದ ಯಜಮಾನರಾದ ನಾರಾಯಣಪ್ಪನವರು, ತಾವು ಹಿಡಿದ ಸೀಟನ್ನು ತಾವೇಕೆ ಬಿಡಬೇಕೆಂದು ಕೆಲವು ದಿನ ಗೊಣಗಿದರು. ಮರ ಬಂದೊಡನೆ ಗಂಗಮ್ಮನೂ ಕಾರ್ಖಾನೆಯ ಅವರ ಜೊತೆಗಾರ್ತಿಯರೂ ಯಾರೂ ಹೇಳದೆಯೇ ಏಳುವುದನ್ನು ಕಂಡ ಮೇಲೆ, ಗೊಣಗುತ್ತಲೇ ಬಿಡತೊಡಗಿದರು. ನನ್ನ ಸೀಟಿನ ಮೊದಲರ್ಧ ಗಂಗಮ್ಮನವರದು, ಉಳಿದರ್ಧ ನನ್ನದು. ಕಾಲಿನ ಊತ ಇಳಿಯುತ್ತಿದೆ, ಕೆಲಸ ಬಿಡುವುದಿಲ್ಲ ಎಂದು ಅವರು ಹೇಳಿದ ದಿನ ನನಗೆ ನಿಜಕ್ಕೂ ಸಂತೋಷವಾಯಿತು.

ಹೀಗಿರಲು ಒಂದು ಸಂಜೆ ಮರ ಬಂದಾಗ ಗಂಗಮ್ಮ ಕಿಟಕಿಗೆ ಒರಗಿ ಗಾಢ ನಿದ್ದೆಯಲ್ಲಿದ್ದರು. “ಮೇಷ್ಟ್ರೇ, ಮರ ಬಂತು,” ಎಂದು ನಾರಾಯಣಪ್ಪನವರು ನೆನಪಿಸಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಎಡ, ಬಲ, ಉದಾರ ಎಲ್ಲ ಸಿದ್ಧಾಂತಗಳನ್ನೂ ಕರುಣೆಯೊಂದರಿಂದಲೇ ಗೆದ್ದವನಂತೆ ಕಂಬಿ ಹಿಡಿದು, ನಿಂತಲ್ಲೇ ಒಳ್ಳೆಯ ಕನಸು ಕಾಣುತ್ತ ದೇವನಹಳ್ಳಿ ತಲುಪಿದೆ.

ಎಚ್ಚರವಾಗಿ ನನ್ನನ್ನು ಕಂಡ ಗಂಗಮ್ಮನವರ ಮುಖ ಬಾಡಿತು. “ಯಾಕೆ ಎಬ್ಬಿಸ್ಲಿಲ್ಲ?”

“ಪಾಪ, ಸುಸ್ತಾಗಿದೀರ ಅಂತ.”

“ಪಾಪ ಅಂತ ನನ್ನ ಕೂರಿಸ್ಬಿಟ್ರೆ, ನಾಳೆ ನಾರಾಯಣಪ್ಪೋರನ್ನ ಯಾವ ಬಾಯಲ್ಲಿ ಏಳಿ ಅನ್ಲಿ?”

ಮರುದಿನ ಅವರು ಹತ್ತಿದೊಡನೆ ನಾನು ಎದ್ದೆ. “ಕೂತ್ಕೊಳ್ಳಿ ಮೇಷ್ಟ್ರೇ, ನಿನ್ನೆ ನಿಮ್ಮರ್ಧ ನಾನು ಕೂತಿದ್ದು ಸರಿಹೋಗ್ಲಿ,” ಎಂದು ಹೆಗಲು ಒತ್ತಿ ಕೂರಿಸಿದರು. ಹಿಂದಿನ ಸೀಟಿನಲ್ಲಿ ನಾರಾಯಣಪ್ಪನವರು ಯಾರೂ ಕೇಳುವ ಮೊದಲೇ ಎದ್ದು, ಗಂಗಮ್ಮನವರ ಜೊತೆಗಾರ್ತಿಗೆ ಜಾಗ ಬಿಟ್ಟರು. ಗಂಗಮ್ಮ ಮಾತ್ರ ದೇವನಹಳ್ಳಿಯವರೆಗೂ ನಿಂತೇ ಬಂದರು, ಮತ್ತೆ ಮತ್ತೆ ಕಾಲು ಬದಲಿಸುತ್ತ. ಕಿಟಕಿಯ ಪಕ್ಕ ಕೂತ ನನಗೆ ಅಂದು ಕಣ್ಣು ಮುಚ್ಚಲಾಗಲಿಲ್ಲ.