ಹಿಡಿಕೆ ತೆಗೆದಿಟ್ಟ ನಳ

ಸ್ನಾನದ ಮನೆಯ ನಳದ ಹಿಡಿಕೆಯನ್ನು ಬಿಚ್ಚಿ ತೆಗೆದವಳು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ತಡಮಾಡಿದರೆ, ಪ್ಲಂಬರ್ ತೆಗೆದ ಎಂದೋ ಕೆಳಗಿನ ಮನೆಯವರು ಒತ್ತಾಯ ಮಾಡಿದರು ಎಂದೋ ನನ್ನ ನೆನಪು ಕತೆ ಕಟ್ಟತೊಡಗುತ್ತದೆ. ಯಾರೂ ಹೇಳಿರಲಿಲ್ಲ. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು.

ರಾಜಧಾನಿಯ ಮಯೂರ್ ವಿಹಾರದ ಈ ಹೌಸಿಂಗ್ ಸೊಸೈಟಿ ಕಟ್ಟಿ ನಲವತ್ತು ವರ್ಷವಾಗಿರಬೇಕು. ನಮ್ಮದು ಎರಡನೆಯ ಮಹಡಿ. ಕಾಲೇಜಿನಲ್ಲಿ ಪಾಠ ಮಾಡುತ್ತ ಇಲ್ಲಿ ಒಬ್ಬಳೇ ಇದ್ದೆ. ಎರಡು ವರ್ಷದ ಹಿಂದೆ ಅವ್ವನನ್ನು ಗದಗಿನಿಂದ ಕರೆದುಕೊಂಡು ಬಂದೆ. ಆಗಲೇ ಅವಳು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದಳು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು.

ಗದಗಿನ ನಮ್ಮ ಓಣಿಯಲ್ಲಿ ನೀರು ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡವಾಗಿ ಬರುತ್ತಿತ್ತು. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಹೆಂಗಸರೆಲ್ಲ ನಳವನ್ನು ತಿರುಗಿಸಿಟ್ಟು, ಕೆಳಗೆ ಖಾಲಿ ಕೊಡ ಇಟ್ಟು ತಮ್ಮ ಕೆಲಸಕ್ಕೆ ಹೋಗುವರು. ಕೊಡದ ತಳಕ್ಕೆ ನೀರು ಬಿದ್ದ ಸದ್ದು ಕೇಳಿದರೆ ಇಡೀ ಓಣಿ ಓಡಿಬರುತ್ತಿತ್ತು. ಅವ್ವ ಐವತ್ತು ವರ್ಷ ಹೀಗೆ ಬದುಕಿದವಳು.

ಇಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ದಿನವಿಡೀ ನೀರು. ಆದರೆ ಅವಳು ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಟ್ಯಾಂಕ್ ತೊಳೆಯಲು ನೀರು ನಿಲ್ಲಿಸಿದ್ದರು. ಅವ್ವ ನಳ ತಿರುಗಿಸಿದಳು, ನೀರಿಲ್ಲ, ಬಕೆಟ್ ಇಟ್ಟಳು, ಹೋಗಿ ಮಲಗಿದಳು. ನಾನು ಕಾಲೇಜಿನಿಂದ ಬಂದು ಬಾಗಿಲು ತೆಗೆದಾಗ ಚಪ್ಪಲಿ ಮುಳುಗುವಷ್ಟು ನೀರು. ಇದು ನಿಜವಾಗಿ ನಡೆದದ್ದು. ನನ್ನ ಡೈರಿಯಲ್ಲೂ ಇದೆ.

ಎರಡು ವಾರ ಕಳೆದ ಮೇಲೆ ಕೆಳಗಿನ ಮನೆಯ ಆಂಟಿ ಬಂದರು. ನಿವೃತ್ತ ಶಿಕ್ಷಕಿ, ಗಂಡನಿಲ್ಲ, ಮಾತಿಗೆ ಬರವಿಲ್ಲ.

"ಬೇಟಾ, ನನ್ನ ಬಾಥ್‌ರೂಮಿನ ಛಾವಣಿಯಲ್ಲಿ ಭಾರತದ ನಕ್ಷೆ ಮೂಡಿದೆ. ಇವತ್ತು ನೋಡಿದರೆ ಶ್ರೀಲಂಕಾನೂ ಬಂದಿದೆ. ಇನ್ನು ಸಮುದ್ರ ಒಂದು ಬಾಕಿ."

ನಾನು ನಗಲಿಲ್ಲ. "ಸಾರಿ ಆಂಟಿ, ನಮ್ಮವ್ವ ನಳ ಬಂದ್ ಮಾಡೋದು ಮರೆತುಬಿಡ್ತಾಳೆ" ಎಂದೆ. ಒಂದು ಸಲ ಮರೆತಿದ್ದಳು. ನಾನು ಹೇಳಿದ್ದು, ಮರೆತುಬಿಡುತ್ತಾಳೆ ಎಂದು.

ಅಲ್ಲಿಂದ ಮುಂದೆ ಕೆಳಗಿನ ಕಲೆ ದೊಡ್ಡದಾದಾಗಲೆಲ್ಲ ಮೇಲೆ ವಿಚಾರಣೆ ನಡೆಯುತ್ತಿತ್ತು.

"ಅವ್ವಾ, ಮತ್ತ ನಳ ಬಿಟ್ಟಿಯೇನು?"

"ಇಲ್ಲವಾ, ಬಂದ್ ಮಾಡೀನಿ."

"ಮತ್ತ ಕೆಳಗ ನೀರು ಹೆಂಗ ಇಳೀತು?"

"ನನಗೇನು ಗೊತ್ತು? ನಾ ಅಂತೂ ಬಂದ್ ಮಾಡೀನಿ. ಎರಡು ಸರ್ತಿ ತಿರುವೀನಿ."

ಮುಂಜಾನೆ ಏನು ಉಂಡೆ ಎಂದು ಹೇಳಲಾರದವಳು ನಳ ಎರಡು ಸಲ ತಿರುವಿದ್ದೇನೆ ಎಂದರೆ ನಂಬುವುದು ಹೇಗೆ? ನನ್ನ ನೆನಪಿನ ಮೇಲೆ ನನಗೆ ಎಷ್ಟು ಗುಮಾನಿ ಎಂದರೆ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಿಂದಲೂ ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಆದರೆ ಅವಳ ನೆನಪಿನೆದುರು ನನ್ನದು ಸರಿ ಎಂಬುದರಲ್ಲಿ ನನಗೆ ಒಂದು ದಿನವೂ ಸಂಶಯ ಬರಲಿಲ್ಲ.

ಒಂದು ಭಾನುವಾರ ಅವ್ವನನ್ನು ಕೆಳಗೆ ಕರೆದುಕೊಂಡು ಹೋದೆ. ತಪ್ಪು ಒಪ್ಪಿಕೊಂಡರೆ ಮನಸ್ಸಿನಲ್ಲಿ ಉಳಿಯುತ್ತದೆ, ಮತ್ತೆ ಮಾಡುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಮಕ್ಕಳಿಗೆ ಮಾಡುವ ಹಾಗೆ. ಅವ್ವ ಸೆರಗು ಹೊದ್ದು, ಕೈಮುಗಿದು, ದಾರಿಯಲ್ಲಿ ನಾನು ಹೇಳಿಕೊಟ್ಟಿದ್ದ ಹಿಂದಿಯಲ್ಲಿ "ಮಾಫ್ ಕರೋ, ಗಲತಿ ಹೋ ಗಯಾ" ಎಂದಳು.

"ಅರೇ ಮಾಜೀ, ಕೈ ಮುಗೀಬೇಡಿ! ನೀರು ತಾನೇ, ಬೆಂಕಿ ಅಲ್ಲವಲ್ಲ" ಎಂದು ಆಂಟಿ ಅವಳನ್ನು ಕೂರಿಸಿ ಚಹಾ ಕೊಟ್ಟರು.

ಆ ದಿನದ ನಂತರ ಅವ್ವ "ಬಂದ್ ಮಾಡೀನಿ" ಎನ್ನುವುದನ್ನು ನಿಲ್ಲಿಸಿದಳು. ಗಂಟೆ ಬಾರಿಸಿದರೆ ಸಾಕು, ಒಳಗಿನಿಂದಲೇ "ತಪ್ಪಾತ್ರೀ" ಎನ್ನುತ್ತಿದ್ದಳು. ಒಮ್ಮೆ ಕೊರಿಯರ್ ಹುಡುಗನಿಗೂ ಅಂದಳು. ಮನೆಯಲ್ಲಿ ವಾದ ಇಲ್ಲದಂತಾಯಿತು. ಅದನ್ನು ನಾನು ನೆಮ್ಮದಿ ಎಂದು ಬರೆದುಕೊಂಡಿದ್ದೇನೆ.

ಆದರೂ ಕಲೆ ನಿಲ್ಲಲಿಲ್ಲ. ಆಗ ಹಿಡಿಕೆ ಬಿಚ್ಚಿದೆ. ನಳದ ತುದಿಯಲ್ಲಿ ಬೋಳು ಕಡ್ಡಿಯೊಂದು ಉಳಿಯಿತು. ಬೆರಳಿನಿಂದ ಅದು ತಿರುಗುವುದಿಲ್ಲ. ಅವ್ವನಿಗೆ ನೀರು ಬೇಕಾದರೆ ನನ್ನನ್ನೋ, ಹಗಲು ನೋಡಿಕೊಳ್ಳುವ ಹೆಂಗಸನ್ನೋ ಕರೆಯಬೇಕು. ಒಂದು ದಿನ ಹಿಡಿಕೆಯನ್ನು ಮರೆತು ನನ್ನ ಬ್ಯಾಗಿನಲ್ಲೇ ಹಾಕಿಕೊಂಡು ಹೋದೆ. ಆ ಹೆಂಗಸು ಮಧ್ಯಾಹ್ನವೇ ರಜೆ ಹಾಕಿದ್ದಳು. ನಾನು ನಾಲ್ಕಕ್ಕೆ ಬಂದಾಗ ಅಡುಗೆಮನೆಯಿಂದ ಕಕ್ಕಸಿನವರೆಗೆ ನೀರಿನ ಹನಿಗಳ ಸಾಲು. ಕುಡಿಯುವ ಲೋಟದಲ್ಲಿ ಅವ್ವ ಅಷ್ಟಷ್ಟೇ ನೀರು ಒಯ್ದಿದ್ದಳು. ಎಷ್ಟು ಸಲ ಓಡಾಡಿದಳೋ. ಒದ್ದೆ ನೆಲ ಕಂಡು ನಾನು ಬೈದೆ ಅನ್ನಿಸುತ್ತದೆ. ಡೈರಿಯಲ್ಲಿ ಅದಿಲ್ಲ. ಬೈಯದೆ ಇದ್ದದ್ದಕ್ಕೆ ಬರೆದಿಲ್ಲವೋ, ಬೈದದ್ದಕ್ಕೇ ಬರೆದಿಲ್ಲವೋ, ಕೇಳೋಣವೆಂದರೆ ಅವ್ವನಿಗೂ ಅದು ನೆನಪಿಲ್ಲ.

ಹಿಡಿಕೆ ನನ್ನ ಬಳಿ ಇದ್ದೂ ಕೆಳಗೆ ನೀರು ಸೋರುತ್ತಲೇ ಇತ್ತು. ಇಷ್ಟು ಓದಿದವಳಿಗೆ ಇಲ್ಲಾದರೂ ಹೊಳೆಯಬೇಕಿತ್ತು. ಹಳೆಯ ನೀರು ಇನ್ನೂ ಇಳಿಯುತ್ತಿರಬೇಕು ಎಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ.

ಕೊನೆಗೆ ಕೆಳಗೆ ಛಾವಣಿಯ ಗಿಲಾವಿನ ಚಕ್ಕೆಯೊಂದು ಬಕೆಟ್ಟಿನಲ್ಲಿ ಬಿದ್ದಾಗ ಆಂಟಿಯೇ ಪ್ಲಂಬರನನ್ನು ಕರೆತಂದರು. ನಡುವಯಸ್ಸಿನವನು. ಅವನು ಏನನ್ನೂ ಒಡೆಯಲಿಲ್ಲ. ಮನೆಯ ನಳಗಳನ್ನೆಲ್ಲ ಬಂದ್ ಮಾಡಿಸಿದ, ಮಾಳಿಗೆ ಹತ್ತಿದ, ನಮ್ಮ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಒಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದ. "ಚಲೋ, ಈಗ ಚಹಾ" ಎಂದ. ಒಂದು ಗಂಟೆ ಕಳೆದು ಮತ್ತೆ ಹತ್ತಿ ನೋಡಿದರೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗಿತ್ತು.

"ಮೇಡಂ, ಮನೇಲಿ ಯಾರೂ ನೀರು ಕುಡೀತಿಲ್ಲ. ಗೋಡೆ ಕುಡೀತಿದೆ."

ನಳದ ಹಿಂದಿನ ನಾಲ್ಕು ಟೈಲ್ಸ್ ತೆಗೆದ. ಒಳಗೆ ಕಬ್ಬಿಣದ ಪೈಪ್ ತಿರುಗುವಲ್ಲಿ ಹೆಬ್ಬೆರಳು ಒತ್ತಿದ. ನೆನೆದ ಬಿಸ್ಕತ್ತಿನಂತೆ ಬೆರಳು ಒಳಗೆ ಹೋಯಿತು.

"ಈ ಪೈಪಿಗೂ ನನಗೂ ಒಂದೇ ವಯಸ್ಸು. ಇದಕ್ಕೆ ತುಕ್ಕು ಹಿಡೀತು, ನನಗೆ ಮದುವೆ ಆಯ್ತು" ಎಂದು ನಕ್ಕ. ಆಮೇಲೆ ಗೋಡೆಯ ಮೇಲೆ ಕಟ್ಟಿದ್ದ ಬಿಳಿ ಉಪ್ಪನ್ನು ಕೆರೆದು ನೋಡಿ, "ಇದು ಇವತ್ತಿನ ಸೋರಿಕೆ ಅಲ್ಲ. ನಾಲ್ಕು ವರ್ಷ ಆದರೂ ಆಗಿರುತ್ತೆ, ಮೊದಲು ಗೋಡೆಯೊಳಗೇ ಇಂಗಿ ಆಮೇಲೆ ಕೆಳಗಿನ ಛಾವಣಿಗೆ ಬಂದಿದೆ. ಹಳೇ ಮನೆ ಅಂದಮೇಲೆ ವರ್ಷಕ್ಕೊಮ್ಮೆ ಟ್ಯಾಂಕಿಗೆ ಗೆರೆ ಹಾಕಿ ನೋಡ್ಬೇಕಲ್ವಾ" ಎಂದ.

ನಾಲ್ಕು ವರ್ಷ. ಅವ್ವ ಬಂದು ಎರಡು.

ಡೈರಿ ತೆಗೆದು ಕೂತೆ. ನಳ ತೆರೆದಿದ್ದನ್ನು ನಾನು ಕಣ್ಣಾರೆ ಕಂಡದ್ದು ಒಂದೇ ದಿನ, ಆ ಪ್ರವಾಹದ ದಿನ. ಉಳಿದ ಪುಟಗಳಲ್ಲಿ 'ಅವ್ವ ಮತ್ತೆ ನಳ ಬಿಟ್ಟಳು' ಎಂದು ಬರೆದಿದ್ದೆ, ಅಷ್ಟೆ. ನೋಡಿದ್ದಲ್ಲ. ನಾನು ನಿತ್ಯ ಬರೆಯುವ ಅದೇ ಅಕ್ಷರ, ಅದೇ ಖಚಿತ ಧಾಟಿ. ಬರೆದಿಟ್ಟರೆ ನೆನಪು ಸುಳ್ಳಾಡುವುದಿಲ್ಲ ಎಂದು ನಂಬಿಕೊಂಡಿದ್ದೆ.

ಪೈಪುಗಳನ್ನೆಲ್ಲ ಪ್ಲಾಸ್ಟಿಕ್ಕಿಗೆ ಬದಲಾಯಿಸಿ, ಹಿಡಿಕೆ ಜೋಡಿಸಿ ಪ್ಲಂಬರ್ ಹೋದ ಮರುದಿನ ಬೆಳಿಗ್ಗೆ ಅವ್ವನ ಮಂಚದ ಮೇಲೆ ಕೂತೆ.

"ಅವ್ವಾ, ನೀ ನಳ ಬಿಟ್ಟಿರಲಿಲ್ಲ. ಗೋಡ್ಯಾಗಿನ ಪೈಪ್ ಒಡದಿತ್ತು. ತಪ್ಪು ನಂದು."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಇಲ್ಲವಾ, ನಾನ ಬಿಟ್ಟಿದ್ದೆ. ಕೆಳಗಿನ ಮನಿ ಬಾಯೀಗೆ ಹೇಳಿ ಬಂದೀನಲ್ಲ."

ತುಕ್ಕು ತಿಂದ ಪೈಪಿನ ತುಂಡನ್ನು ತಂದು ಅವಳ ಕೈಗಿಟ್ಟೆ. ಅವಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಮುಖ ಸಣ್ಣದಾಯಿತು.

"ಇದನ್ನೂ ನಾನ ಮುರಿದೆನೇನು?"

ನನ್ನಿಂದಾಗಲಿಲ್ಲವೆಂದು ಆಂಟಿಯನ್ನು ಕರೆದೆ. ಅವರನ್ನು ಬಾಗಿಲಲ್ಲಿ ಕಂಡದ್ದೇ ಅವ್ವ ಎದ್ದು ನಿಂತು ಕೈಮುಗಿದಳು. "ಮಾಫ್ ಕರೋ, ಗಲತಿ ಹೋ ಗಯಾ." ಅವಳ ಹಿಂದಿಯಲ್ಲಿ ಉಳಿದಿರುವುದು ಅದೊಂದೇ ಮಾತು. ಆಂಟಿ ಮುಗಿದ ಆ ಕೈಗಳನ್ನು ಹಿಡಿದುಕೊಂಡು, "ನಹೀ ಮಾಜೀ, ನಿಮ್ಮದೇನೂ ತಪ್ಪಿಲ್ಲ" ಎಂದು ಎಷ್ಟೋ ಸಲ ಹೇಳಿದರು. ಅವ್ವ ತಲೆ ಅಲ್ಲಾಡಿಸುತ್ತಲೇ ಇದ್ದಳು. ಹೊರಗೆ ಬಂದ ಮೇಲೆ ಆಂಟಿ ಕಣ್ಣೊರೆಸಿಕೊಂಡು, "ಇನ್ನು ಹೇಳಬೇಡ ಬೇಟಾ. ನೀನು ಬಿಡಿಸಿ ಹೇಳಿದಷ್ಟೂ ಅವರು ಹೆದರ್ತಾರೆ" ಎಂದರು.

ಅವ್ವನಿಗೆ ಈಗ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. ನಾನು ಯಾವ ಊರಿನಲ್ಲಿ ಹುಟ್ಟಿದೆ ಎಂಬುದೂ ಇಲ್ಲ. ಮಾಡದ ಆ ತಪ್ಪು ಮಾತ್ರ ಗಟ್ಟಿಯಾಗಿದೆ. ಅದನ್ನು ಹಾಗೆ ಗಟ್ಟಿಮಾಡಿದವಳು ನಾನು.

ಅಂದು ಸಂಜೆ ಬಾಲ್ಕನಿಯಲ್ಲಿ ಹೂವಿನ ಕುಂಡದ ಹತ್ತಿರ ಕುಳಿತಿದ್ದಾಗ ಅವಳು ನನ್ನ ಸೆರಗು ಎಳೆದು ಕೇಳಿದಳು: "ನನ್ನ ಮ್ಯಾಲಿನ ಸಿಟ್ಟು ಹೋತೇನು?"

ಸಿಟ್ಟೇ ಇಲ್ಲ ಅವ್ವಾ ಎನ್ನಲು ಬಾಯಿ ತೆರೆದೆ. ಅವಳು ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋತವ್ವಾ" ಎಂದೆ. "ಮಾಫ್ ಮಾಡೀನಿ."

ಅವಳ ಭುಜಗಳು ಇಳಿದವು. ಹಗುರಾಗಿ ನಕ್ಕು ಚಹಾ ಕೇಳಿದಳು. ಅಂದಿನಿಂದ ದಿನಕ್ಕೆ ಎರಡು ಮೂರು ಸಲ ಅದನ್ನೇ ಕೇಳುತ್ತಾಳೆ, ಅಷ್ಟೂ ಸಲ ನಾನು ಮಾಫ್ ಮಾಡುತ್ತೇನೆ.