ಶಿವರಾಮು ತಲೆಯಲ್ಲಿದ್ದ ಲ್ಯಾಬ್

ಕೆಸರೆಯ ಶಿವರಾಮು ಅವರಿಗೆ ತಮ್ಮ ಬೆರಳುಗಳ ಮೇಲೆ ಇದ್ದಷ್ಟು ಅಭಿಮಾನ ಸ್ವಂತ ಮನೆಯ ಮೇಲೂ ಇರಲಿಲ್ಲ. ಊರಿನ ಪೂರ್ವದ ಕಡೆಗಿರುವ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವರು ನೆಟ್‌ವರ್ಕ್ ಲ್ಯಾಬ್‌ನ ಇನ್‌ಚಾರ್ಜ್. ಸೇರಿದಾಗ ತಲೆ ತುಂಬ ಕೂದಲಿತ್ತು. ಈಗ ಕೂದಲೂ ಹೋಗಿ ನಿವೃತ್ತಿಯೂ ಹತ್ತಿರ ಬಂದಿತ್ತು. ಇಷ್ಟು ವರ್ಷಗಳಲ್ಲಿ ಆ ಲ್ಯಾಬ್‌ನ ಒಂದು ಸ್ವಿಚ್ಚಿಗಾದರೂ ಬೇರೆಯವರು ಕೈ ಹಾಕಿದ್ದಿಲ್ಲ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಕೂಡಿಸುವ ಆ ಸ್ವಿಚ್ ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಯಾವ ವಿಳಾಸ, ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ, ಎಲ್ಲವೂ ಅವರ ತಲೆಯಲ್ಲೇ. ಒಂದು ಕಡೆ ಬರೆದಿಡಿ ಸಾರ್ ಎಂದು ಯಾರಾದರೂ ಅಂದರೆ, "ಬರೆದಿಟ್ಬುಟ್ರೆ ಆಮೇಲೆ ನನ್ನನ್ಯಾಕ್ರೀ ಇಟ್ಕೋತೀರಿ?" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ತಮಾಷೆ ಅರ್ಧ, ನಿಜ ಅರ್ಧ.

ಅದಕ್ಕಾಗಿ ಅವರನ್ನು ಬೈಯುವುದೂ ಕಷ್ಟ. ತಂದೆ ಹುಚ್ಚಯ್ಯ ಹಳ್ಳಿ ಬಿಟ್ಟು ಬಂದು, ಲೇತ್ ಮೆಷಿನ್ನಿನ ಮುಂದೆ ನಿಂತು ಸಂಸಾರ ಸಾಕಿದವರು. ಮಗ ಟೈಪಿಂಗ್ ಕಲಿತ, ಡಿಪ್ಲೊಮಾ ಮಾಡಿದ, ಲ್ಯಾಬ್ ಸೇರಿದ. ಮೊದಮೊದಲು ಇವನಿಗೇನು ಬರುತ್ತದೆ ಎಂದು ಮೂಗು ಮುರಿದವರೇ, ಆಮೇಲೆ ಏನು ಕೆಟ್ಟರೂ "ಶಿವರಾಮು ಎಲ್ರೀ?" ಎಂದು ಹುಡುಕಿಕೊಂಡು ಬರತೊಡಗಿದರು. ಆ ಕೂಗು ಕಿವಿಗೆ ಬಿದ್ದಾಗಲೆಲ್ಲ ಶಿವರಾಮು ಬೇಕೆಂದೇ ಸ್ವಲ್ಪ ನಿಧಾನವಾಗಿ ಏಳುತ್ತಿದ್ದರು.

ಈ ವರ್ಷ ಕಾಲೇಜಿಗೆ ಡೇಟಾ ಸೆಂಟರ್ ಲ್ಯಾಬ್ ಬಂತು. ನಿಜವಾದ ಡೇಟಾ ಸೆಂಟರ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳನ್ನು ಸಾಲಾಗಿ ಜೋಡಿಸಿಟ್ಟ ದೊಡ್ಡ ಕಟ್ಟಡ. ಅದನ್ನು ಯಾವ ಪಾಲಿಟೆಕ್ನಿಕ್ ತಾನೇ ಕೊಂಡೀತು? ಹಾಗಾಗಿ ಒಂದೇ ಒಂದು ಸರ್ವರ್ ತಂದು, ಅದರ ಹೊಟ್ಟೆಯೊಳಗೆ ಸಾಫ್ಟ್‌ವೇರಿನಲ್ಲೇ ಸ್ವಿಚ್ಚುಗಳನ್ನು ಹುಟ್ಟಿಸುವುದು. ಕೈಗೆ ಸಿಗುವುದಿಲ್ಲ, ಆದರೆ ನಡತೆಯೆಲ್ಲ ನಿಜವಾದ ಸ್ವಿಚ್ಚಿನದೇ. ಒಬ್ಬೊಬ್ಬ ವಿದ್ಯಾರ್ಥಿಗೂ ಅದರಲ್ಲಿ ಒಂದೊಂದು ಪುಟ್ಟ ನೆಟ್‌ವರ್ಕ್: ಮೇಲೆ ಎರಡು ಸ್ವಿಚ್, ಕೆಳಗೆ ನಾಲ್ಕು, ಕೆಳಗಿನ ಪ್ರತಿಯೊಂದೂ ಮೇಲಿನ ಎರಡಕ್ಕೂ ಕೂಡಿರಬೇಕು. ಪ್ರಾಯೋಗಿಕ ಪರೀಕ್ಷೆಯ ದಿನ ಈ ಅಡಿಪಾಯ ಸಿದ್ಧವಿದ್ದರೆ ತಾನೇ ಮಕ್ಕಳು ಅದರ ಮೇಲೆ ತಮ್ಮ ಕೆಲಸ ತೋರಿಸುವುದು. "ಈ ಸಲ ಲ್ಯಾಬ್ ಕೈ ಕೊಟ್ರೆ ಪರೀಕ್ಷಾ ಕೇಂದ್ರವೂ ಹೋಗುತ್ತೆ, ಕೋರ್ಸೂ ಹೋಗುತ್ತೆ ಶಿವರಾಮು ಅವರೇ," ಎಂದು ಪ್ರಿನ್ಸಿಪಾಲ್ ವೇದವತಿ ಮೊದಲೇ ಎಚ್ಚರಿಸಿದ್ದರು.

ಲ್ಯಾಬ್‌ನಲ್ಲಿ ಅವರ ಕೈಕೆಳಗೆ ಹೆಲನ್ ಎಂಬ ಹುಡುಗಿ ಹಿಂದಿನ ವರ್ಷ ಕೆಲಸಕ್ಕೆ ಸೇರಿದ್ದಳು. ರಾಜೀವನಗರದವಳು. ಮಾತು ಕಡಿಮೆ, ಹಟ ಜಾಸ್ತಿ. ಹೊಸ ಸರ್ವರ್ ಬಂದ ದಿನವೇ ಅವಳು ಒಂದು ಮಾತು ಎತ್ತಿದ್ದಳು.

"ಸಾರ್, ಒಬ್ಬೊಬ್ಬರದ್ದೂ ಕೈಯಲ್ಲಿ ಟೈಪ್ ಮಾಡೋದ್ಯಾಕೆ? ನೆಟ್‌ವರ್ಕ್ ಹೇಗಿರಬೇಕು ಅಂತ ಒಂದು ಫೈಲ್‌ನಲ್ಲಿ ಒಂದೇ ಸಲ ಬರೆದಿಟ್ರೆ, ಸ್ಕ್ರಿಪ್ಟ್ ಅನ್ನೋ ಪುಟ್ಟ ಪ್ರೋಗ್ರಾಮೇ ಎಲ್ಲಾ ಸ್ವಿಚ್ಚಿಗೂ ಹೋಗಿ ಹಾಕ್ಕೊಂಡ್ಬರುತ್ತೆ. ನಾನು ಬರೀತಾ ಇದ್ದೀನಿ. ನಿಮ್ಮ ಪ್ಲಾನ್ ಒಂದು ಸಿಕ್ಕಿದ್ರೆ ಸಾಕು."

"ಬುಡಮ್ಮ," ಎಂದರು ಶಿವರಾಮು. "ನೀನು ಅದಕ್ಕೆ ಪಾಠ ಹೇಳಿ ಮುಗಿಸೋ ಹೊತ್ಗೆ ನಾನು ಅರ್ಧ ಲ್ಯಾಬ್ ಟೈಪ್ ಮಾಡಿ ಬಿಸಾಕಿರ್ತೀನಿ."

ಟೈಪ್ ಮಾಡಿಯೂ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ವಾರಗಟ್ಟಲೆ ಊಟದ ಹೊತ್ತು ಬಿಟ್ಟರೆ ಕೀಬೋರ್ಡಿನ ಸದ್ದು ನಿಲ್ಲಲಿಲ್ಲ. ಕೊನೆಯ ಸ್ವಿಚ್ ಮುಗಿದಾಗ ಆಯುಧಪೂಜೆಯ ಹಿಂದಿನ ಸಂಜೆ. ಇನ್ನು ಉಳಿದಿದ್ದು ಸೇವ್ ಮಾಡುವುದೊಂದೇ. ಸ್ವಿಚ್ಚು ಹೇಳಿದ್ದನ್ನು ಆ ಗಳಿಗೆಯೇ ಪಾಲಿಸುತ್ತದೆ, ಆದರೆ ಸೇವ್ ಎಂದು ಬಾಯಿಬಿಟ್ಟು ಹೇಳದಿದ್ದರೆ ಕರೆಂಟ್ ಹೋದ ಕೂಡಲೇ ಎಲ್ಲವನ್ನೂ ಮರೆತುಬಿಡುತ್ತದೆ. ಇದು ಶಿವರಾಮು ಅವರೇ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುವ ಪಾಠ. ಆದರೆ ಅವರಿಗೊಂದು ಆಸೆ. ಇಷ್ಟು ದೊಡ್ಡ ಕೆಲಸ, ಬಹುಶಃ ಸರ್ವಿಸ್ಸಿನ ಕೊನೆಯ ದೊಡ್ಡ ಕೆಲಸ. ಅದರ ಮುಕ್ತಾಯ ವಿಜಯದಶಮಿಯ ದಿನ, ಒಳ್ಳೆಯ ಗಳಿಗೆಯಲ್ಲಿ ಆಗಲಿ ಎಂದು. ಹೇಗೂ ಯುಪಿಎಸ್ ಇತ್ತಲ್ಲ, ಕರೆಂಟ್ ಹೋಗುವ ಭಯವಿರಲಿಲ್ಲ.

ಮರುದಿನ ಆಯುಧಪೂಜೆ. ಸರ್ವರ್‌ಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದರು. ಪೂಜೆಯಾದ ಮೇಲೆ ಆಯುಧವನ್ನು ದುಡಿಸಬಾರದು, ಅದೂ ಒಂದು ದಿನ ಸುಧಾರಿಸಿಕೊಳ್ಳಬೇಕು ಎಂಬುದು ಹುಚ್ಚಯ್ಯನವರು ಲೇತ್ ಮೆಷಿನ್ನಿಗೆ ನಡೆಸಿಕೊಂಡು ಬಂದ ಪದ್ಧತಿ. ಮಗ ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಎಡಗೈಯಲ್ಲಿ ಕಡಲೆಪುರಿಯ ಪೊಟ್ಟಣ ಹಿಡಿದುಕೊಂಡು, ಬಲಗೈಯಲ್ಲಿ ಮೊದಲು ಸರ್ವರ್, ಆಮೇಲೆ ಯುಪಿಎಸ್ ಎರಡನ್ನೂ ಭಕ್ತಿಯಿಂದ ಆರಿಸಿ ಮನೆಗೆ ಹೋದರು. ಕಾಲೇಜಿನ ಶತ್ರುವೊಬ್ಬ ಕೂತು ಯೋಚಿಸಿದ್ದರೂ ಇಷ್ಟು ಅಚ್ಚುಕಟ್ಟಾಗಿ ಲ್ಯಾಬ್ ಹಾಳುಮಾಡಲು ಆಗುತ್ತಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ, ಮೆರವಣಿಗೆಗೆ ರಸ್ತೆ ಮುಚ್ಚುವ ಮೊದಲೇ, ಸ್ನಾನ ಮಾಡಿ ಹೊಸ ಶರಟು ತೊಟ್ಟು ಲ್ಯಾಬ್‌ಗೆ ಬಂದರು. ಸರ್ವರ್ ಹಾಕಿದರು. ಮೊದಲ ಸ್ವಿಚ್ ತೆರೆದರೆ ಖಾಲಿ. ಎರಡನೆಯದು ಖಾಲಿ. ಆಗ ನೆನಪಾಯಿತು ತಮ್ಮ ಬಲಗೈ ಮಾಡಿದ ಕೆಲಸ. ಪರೀಕ್ಷೆ ಇದ್ದದ್ದು ಮರುದಿನ ಬೆಳಿಗ್ಗೆ. ವಾರಗಟ್ಟಲೆಯ ಟೈಪಿಂಗ್ ಒಂದು ದಿನದಲ್ಲಿ ಮುಗಿಯುವ ಮಾತಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹೆಂಡತಿ ಪದ್ಮಾವತಿಗೆ ಫೋನ್ ಮಾಡಿದರು. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಆ ಹುಡುಗಿ ಏನೋ ಮಾಡಿಟ್ಟವಳೆ ಅಂತ ನೀವೇ ದಿನಾ ಆಡ್ಕೊಂಡು ನಗ್ತಿದ್ರಲ್ಲಾ. ಕರೀರಿ ಅವಳನ್ನ. ನಿಮ್ಮ ಜಂಬಕ್ಕೆ ಮಕ್ಕಳ ಪರೀಕ್ಷೆ ಯಾಕ್ ಹಾಳಾಗ್ಬೇಕು?"

ಅಷ್ಟು ಅಭಿಮಾನದ ಬೆರಳಿನಿಂದಲೇ ಹೆಲನ್‌ಳ ನಂಬರ್ ಒತ್ತಿದರು. "ಹೆಲನ್, ಎಲ್ಲಾ ಹೋಗ್ಬುಡ್ತು ಕಣಮ್ಮ," ಎಂದಷ್ಟೇ ಅಂದರು. ಅವಳು ಕಾರಣ ಕೇಳಲಿಲ್ಲ. ಸ್ಕೂಟರ್ ಹತ್ತಿ ಬಂದಳು. ಸರ್ವರ್ ಮೇಲಿನ ಹಾರ ನೋಡಿದಳು, ಶಿವರಾಮು ಮುಖ ನೋಡಿದಳು, ನಡೆದದ್ದೆಲ್ಲ ಅವಳಿಗೆ ಅರ್ಥವಾಯಿತು. ನಗಲಿಲ್ಲ. ನಕ್ಕಿದ್ದರೂ ಸಹಿಸಬಹುದಿತ್ತು ಎಂದು ಶಿವರಾಮು ಆಮೇಲೆ ಹೆಂಡತಿಯ ಹತ್ತಿರ ಹೇಳಿಕೊಂಡರು.

"ಸ್ಕ್ರಿಪ್ಟ್ ರೆಡಿ ಇದೆ ಸಾರ್. ಆದರೆ ಅದಕ್ಕೆ ಏನು ಹಾಕ್ಬೇಕು ಅಂತ ಗೊತ್ತಿರೋದು ನಿಮಗೊಬ್ರಿಗೆ. ಹೇಳಿ, ಬರ್ಕೋತೀನಿ."

ಶಿವರಾಮು ಕಿಟಕಿಯ ಕಡೆ ತಿರುಗಿದರು. ಹೇಳಿಬಿಟ್ಟರೆ ಮುಗಿಯಿತು. ನಾಳೆಯಿಂದ ಯಾರೂ "ಶಿವರಾಮು ಎಲ್ರೀ?" ಎಂದು ಹುಡುಕುವುದಿಲ್ಲ. ಇಷ್ಟು ವರ್ಷ ತಲೆಯಲ್ಲಿ ಬೀಗ ಹಾಕಿಟ್ಟಿದ್ದನ್ನು ಈ ಹುಡುಗಿಯ ಫೈಲಿಗೆ ಸುರಿಯಬೇಕು. ಸಂಕಟವಾಯಿತು, ಸುಳ್ಳು ಯಾಕೆ. ಆದರೆ ನಾಳೆ ಬಂದು ಖಾಲಿ ಪರದೆಯ ಮುಂದೆ ಕೂರುವ ಮಕ್ಕಳ ಮುಖ ಅದಕ್ಕಿಂತ ಮುಂದೆ ಬಂದು ನಿಂತಿತು.

"ಬರ್ಕೋ," ಎಂದರು. "ಮೇಲಿನ ಮೊದಲನೇ ಸ್ವಿಚ್ಚಿಂದ ಶುರು ಮಾಡೋಣ."

ಊರಿಗೆ ಊರೇ ಜಂಬೂಸವಾರಿ ನೋಡಲು ಹೋಗಿತ್ತು. ಲ್ಯಾಬ್‌ನಲ್ಲಿ ಒಬ್ಬರು ಹೇಳುತ್ತ, ಒಬ್ಬಳು ಬರೆಯುತ್ತ ಕೂತರು. ಹೇಳುತ್ತ ಹೋದಂತೆ ಶಿವರಾಮು ಅವರಿಗೇ ಆಶ್ಚರ್ಯವಾಯಿತು: ಬೆಟ್ಟದಷ್ಟಿದೆ ಎಂದುಕೊಂಡಿದ್ದ ವಿದ್ಯೆ ಒಂದು ಫೈಲಿನಲ್ಲಿ ಅಚ್ಚುಕಟ್ಟಾಗಿ ಕೂತುಬಿಟ್ಟಿತ್ತು. ಒಬ್ಬ ವಿದ್ಯಾರ್ಥಿಯ ನೆಟ್‌ವರ್ಕ್ ಹೇಳಿದರೆ ಸಾಕು, ಉಳಿದವರದ್ದನ್ನು ಸಂಖ್ಯೆ ಬದಲಿಸಿಕೊಂಡು ಸ್ಕ್ರಿಪ್ಟೇ ಮಾಡಿಕೊಳ್ಳುತ್ತಿತ್ತು.

ಹೆಲನ್ ಸ್ಕ್ರಿಪ್ಟ್ ಓಡಿಸಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಹರಿದವು. ನಿಂತ ಮೇಲೆ ನೋಡಿದರೆ ಪ್ರತಿ ವಿದ್ಯಾರ್ಥಿಯ ನೆಟ್‌ವರ್ಕಿನಲ್ಲೂ ಕೆಳಗಿನ ನಾಲ್ಕನೇ ಸ್ವಿಚ್ ಕೆಂಪಗಿತ್ತು. ಮೇಲಿನ ಎರಡರ ಜೊತೆಗೂ ಮಾತಿಲ್ಲ.

"ನೋಡ್ದಾ? ನಾನು ಹೇಳ್ಲಿಲ್ವಾ!" ಎಂದರು ಶಿವರಾಮು, ಹಳೆಯ ಚಾಳಿ.

"ಎಲ್ಲರದ್ದೂ ಒಂದೇ ಥರ ತಪ್ಪಿದೆ ಅಂದ್ರೆ ತಪ್ಪು ಒಂದೇ ಕಡೆ ಇದೆ ಸಾರ್," ಎಂದು ಹೆಲನ್ ಫೈಲ್ ತೆರೆದಳು. ಇಬ್ಬರೂ ಬಗ್ಗಿ ನೋಡಿದರು. ಮೂರನೇ ಸ್ವಿಚ್ಚಿನ ವಿಳಾಸವನ್ನೇ ನಾಲ್ಕನೆಯದಕ್ಕೂ ಹೇಳಿದ್ದರು ಶಿವರಾಮು. ಅವಳು ಹೇಳಿದ ಹಾಗೆ ಬರೆದಿದ್ದಳು. ಆ ಒಂದು ಸಾಲು ತಿದ್ದಿ ಮತ್ತೆ ಓಡಿಸಿದಳು. ಈ ಸಲ ಇಡೀ ಲ್ಯಾಬ್ ಹಸಿರು. ಸೇವ್ ಮಾಡುವುದನ್ನೂ ಅವಳು ಸ್ಕ್ರಿಪ್ಟಿನಲ್ಲೇ ಸೇರಿಸಿದ್ದಳು, ಅದಕ್ಕೆ ಮುಹೂರ್ತ ಬೇಕಿರಲಿಲ್ಲ.

ಶಿವರಾಮು ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟರು. "ನಾನು ಕೈಯಲ್ಲಿ ಮಾಡುವಾಗ್ಲೂ ಇಂಥವು ಬೇಕಾದಷ್ಟು ಆಗ್ತಿದ್ವು ಕಣಮ್ಮ. ಒಬ್ಬೊಬ್ಬರ ಹತ್ರ ಒಂದೊಂದು ಥರ. ಹುಡುಕಿ ಹುಡುಕಿ ಯಾರಿಗೂ ಗೊತ್ತಾಗದಂಗೆ ಸರಿ ಮಾಡ್ತಿದ್ದೆ," ಎಂದರು. ಇದನ್ನು ಅವರು ಅದುವರೆಗೆ ಯಾರ ಬಳಿಯೂ ಹೇಳಿರಲಿಲ್ಲ.

ಮರುದಿನ ಪರೀಕ್ಷೆ ಶುರುವಾಯಿತು. ಬೇರೆ ಕಾಲೇಜಿನಿಂದ ಸದಾಶಿವಯ್ಯ ಎಂಬವರು ಪರೀಕ್ಷಕರಾಗಿ ಬಂದಿದ್ದರು. ಹೆಲನ್ ಪಕ್ಕದ ಕೋಣೆಯಲ್ಲಿ ಎರಡನೇ ಬ್ಯಾಚಿನವರನ್ನು ನೋಡಿಕೊಳ್ಳುತ್ತಿದ್ದಳು. ಅರ್ಧ ಹೊತ್ತು ಕಳೆದಿರಬಹುದು, ಕೀರ್ತಿ ಎಂಬ ಹುಡುಗಿ ಎದ್ದು ನಿಂತಳು. ಗಾಬರಿಯಲ್ಲಿ ತನ್ನ ಆರೂ ಸ್ವಿಚ್ಚುಗಳಿಗೆ ಹೇಳಿಟ್ಟಿದ್ದನ್ನೆಲ್ಲ ಅಳಿಸಿಹಾಕಿದ್ದಳು. ಹಿಂದಿನ ವರ್ಷಗಳಲ್ಲಿ ಹೀಗಾದ ಮಕ್ಕಳಿಗೆ ಒಂದೇ ದಾರಿಯಿತ್ತು: ಮುಂದಿನ ಸಲ ಬಂದು ಮತ್ತೆ ಪರೀಕ್ಷೆ ಕಟ್ಟುವುದು. ಶಿವರಾಮು ಎಷ್ಟು ವೇಗವಾಗಿ ಟೈಪ್ ಮಾಡಿದರೂ ಪರೀಕ್ಷೆಯ ಹೊತ್ತು ಮುಗಿದುಹೋಗುತ್ತಿತ್ತು.

"ಇನ್ನೇನು ಮಾಡೋಕಾಗುತ್ತೆ," ಎಂದು ಸದಾಶಿವಯ್ಯ ಪೆನ್ನು ತೆಗೆದರು.

"ಒಂದ್ನಿಮಿಷ ತಾಳಿ ಸಾರ್," ಎಂದ ಶಿವರಾಮು ಸರ್ವರ್‌ನ ಮುಂದೆ ಕೂತರು. ಹಿಂದಿನ ದಿನ ಹೆಲನ್ ತೋರಿಸಿಕೊಟ್ಟಂತೆ, ಸ್ಕ್ರಿಪ್ಟಿನ ಹೆಸರು ಹೊಡೆದು ಮುಂದೆ ಕೀರ್ತಿಯ ಸಂಖ್ಯೆ ಮಾತ್ರ ಹಾಕಿದರು. ಒಂದೇ ಒಂದು ಸಾಲು. ಅಷ್ಟು ಚಿಕ್ಕ ಸಾಲನ್ನು ಅಷ್ಟು ಎಚ್ಚರಿಕೆಯಿಂದ ಅವರು ಜನ್ಮದಲ್ಲಿ ಟೈಪ್ ಮಾಡಿರಲಿಲ್ಲ. ಒತ್ತಿದರು. ಸದಾಶಿವಯ್ಯ ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಕೀರ್ತಿಯ ಪರದೆ ಬೆಳಿಗ್ಗೆ ಇದ್ದ ಹಾಗೇ ಹಸಿರಾಗಿತ್ತು. ಹುಡುಗಿ ಕಣ್ಣೊರೆಸಿಕೊಂಡು ಕೂತು ಮೊದಲಿನಿಂದ ಶುರು ಮಾಡಿದಳು.

"ಭಲೇ! ಇದನ್ನ ಎಲ್ಲೂ ನೋಡಿರಲಿಲ್ಲವಲ್ಲಾ," ಎಂದರು ಸದಾಶಿವಯ್ಯ. "ಇದು ನೀವೇ ಮಾಡಿದ್ದೇನ್ರೀ ಶಿವರಾಮು?"

ಇಂಥ ಪ್ರಶ್ನೆಗೆ ಶಿವರಾಮು ಅವರ ಬಾಯಲ್ಲಿ "ನಾನೇ" ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತಿತ್ತು. ಈ ಸಲ ಅದು ಬೇಕೆನಿಸಲಿಲ್ಲ. ಎದೆ ಮಾತ್ರ ಹಿಂದೆಂದೂ ಇಲ್ಲದಷ್ಟು ತುಂಬಿ ಬಂತು. ಸ್ವಂತ ಬೆರಳುಗಳ ವಿಷಯದಲ್ಲೂ ಇಷ್ಟು ಹೆಮ್ಮೆ ಅವರಿಗೆ ಯಾವತ್ತೂ ಆಗಿರಲಿಲ್ಲ.

"ನಮ್ಮ ಹೆಲನ್ ಮಾಡಿದ್ದು ಸಾರ್," ಎಂದರು. ಧ್ವನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಬರೆಯುತ್ತಿದ್ದ ಮಕ್ಕಳೆಲ್ಲ ತಲೆಯೆತ್ತಿದರು. "ನಮ್ಮ ಲ್ಯಾಬಿನ ಹುಡುಗಿ."

ಅಷ್ಟಕ್ಕೇ ಸುಮ್ಮನಿರಲಾಗಲಿಲ್ಲ. ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ ನಿಂತರು.

"ಬಾಮ್ಮ ಹೆಲನ್, ಒಂದ್ಗಳಿಗೆ ಬಂದೋಗು. ಎಕ್ಸಾಮಿನರ್ ಸಾಹೇಬ್ರು ನಿನ್ನ ನೋಡ್ಬೇಕಂತೆ."

ಹೆಲನ್ ಗಾಬರಿಯಿಂದ ದುಪಟ್ಟಾ ಸರಿಮಾಡಿಕೊಂಡು ಹೊರಟಳು. ಸದಾಶಿವಯ್ಯ ಹಾಗೇನೂ ಕೇಳಿರಲಿಲ್ಲ. ಅವಳನ್ನು ಎಲ್ಲರಿಗೂ ತೋರಿಸುವ ಆಸೆ ಇದ್ದದ್ದು ಶಿವರಾಮು ಅವರಿಗೆ.