ಬೀಗದಣ್ಣನ ನಾಲ್ಕನೇ ಕಾಲಂ

ಬೀಗ ರಿಪೇರಿಯಲ್ಲಿ ಬೀಗದಣ್ಣನನ್ನು ಮೀರಿಸುವವನು ಆ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಕೂರಿಸಿದ ಬೀಗವನ್ನು ನಂಬಿ ಜನ ವಾರಗಟ್ಟಲೆ ಊರು ಬಿಡುತ್ತಿದ್ದರು. ನಂಬದವನು ಒಬ್ಬನೇ, ಅವನೇ! ಸ್ವಂತ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಎದೆ ಡವಡವ. ಹಾಕಿದೆನೋ ಇಲ್ಲವೋ? ಮತ್ತೆ ವಾಪಸ್, ಮತ್ತೆ ಜಗ್ಗುವುದು.

ನಗುವವರು ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ? ನೋವಾಗುತ್ತಿದ್ದದ್ದು ಮಗಳಿಗೆ. ಅವಳು ಈಜುಗಾರ್ತಿ. ಈಜಿನ ಪಂದ್ಯವೋ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವಂಥದ್ದು. ಅಪ್ಪ ಏದುಸಿರು ಬಿಡುತ್ತ ಬರುವಾಗ ಅವಳು ಪ್ರತಿ ಸಲವೂ ತಲೆ ಒರೆಸಿಕೊಳ್ಳುತ್ತಿರುತ್ತಿದ್ದಳು. "ಪರವಾಗಿಲ್ಲಪ್ಪ" ಅನ್ನುತ್ತಿದ್ದಳು. ಒಂದು ಸಲ ಅದನ್ನೂ ಅನ್ನಲಿಲ್ಲ. ಮಾರನೇ ದಿನವೇ ಅವನು ಆಸ್ಪತ್ರೆಯ ಆಪ್ತಸಮಾಲೋಚಕಿಯ ಮುಂದೆ ಕೂತಿದ್ದ.

ಆಕೆ ಗೆರೆ ಎಳೆದ ಹಾಳೆಗಳನ್ನು ಕೊಟ್ಟರು. ಏನು ನಡೆಯಿತು, ತಲೆಗೆ ಏನು ಬಂತು, ಮನಸ್ಸಿಗೆ ಹೇಗಾಯಿತು, ಏನು ಮಾಡಿದೆ ಎಂದು ನಾಲ್ಕು ಕಾಲಂ.

"ಇದೇನ್ ಮೇಡಂ, ಈ ವಯಸ್ಸಲ್ಲಿ ಪರೀಕ್ಷೆನಾ?"

"ಭಯ ಹೋಗ್ಲಿ ಅಂತ ಕಾಯ್ಬೇಡಿ. ಅದು ಇದ್ರೂ ನಾಲ್ಕನೇ ಕಾಲಂ ನಿಮ್ಮ ಕೈಯಲ್ಲೇ ಇದೆ. ವಾಪಸ್ ಹೋಗ್ದೆ ನಿಂತ್ ನೋಡಿ, ತಾನಾಗೇ ಇಳಿಯುತ್ತೆ."

ಬರೆದ. 'ಬೀಗ ಹಾಕಿದೆ. ಹಾಕಿಲ್ಲ ಅನ್ನಿಸಿತು. ಭಯ. ವಾಪಸ್ ಹೋದೆ.' ಹಾಳೆಗಟ್ಟಲೆ ಅದೇ ರಾಗ. ಹೆಂಡತಿ ಹಣೆ ಚಚ್ಚಿಕೊಂಡಳು. "ಊರೋರೆಲ್ಲ ನಿಮ್ಮ ಕೈ ನಂಬ್ತಾರೆ ಕಣ್ರೀ, ನೀವೊಬ್ರೇ ನಂಬಲ್ಲ!" ಬರಬರುತ್ತ, 'ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತೆ, ಆಮೇಲೆ ವಾಪಸ್ ಹೋದೆ' ಎಂದೂ ಬಂತು. ಆ 'ಸ್ವಲ್ಪ ಹೊತ್ತು' ಓದಿ ಮೇಡಂ ಮುಖ ಅರಳಿತು.

ಮಗಳ ಫೈನಲ್ ದಿನ ಬೀಗ ಹಾಕಿದ, ಒಂದೇ ಸಲ ಜಗ್ಗಿದ, ಹೆಂಡತಿಯ ಜೊತೆ ಹೊರಟ. ತಿರುವಿನಲ್ಲಿ ಕಾಲು ನಿಂತೇಬಿಟ್ಟಿತು. ಬಾಗಿಲು ಹಾರುಹೊಡೆದಿದೆ ಎಂದು ತಲೆ ಒಂದೇ ಸಮನೆ ಕಿರುಚಿತು.

"ಕಿರುಚ್ಕೋ ಹೋಗು!" ಎಂದು ತನ್ನ ತಲೆಗೇ ಗದರಿ ಅವನು ಮುಂದಕ್ಕೆ ನಡೆದ. ಭಲೇ ಬೀಗದಣ್ಣ!

ಕೊಳದಂಚಿನಲ್ಲಿ ನಿಂತ ಮಗಳು ಅಮ್ಮನ ಪಕ್ಕದಲ್ಲಿ ಯಾವಾಗಲೂ ಖಾಲಿಯಿರುವ ಕುರ್ಚಿಯತ್ತ ರೂಢಿಯಂತೆ ನೋಡಿದಳು. ಅಲ್ಲಿ ಅಪ್ಪ ಕೂತಿದ್ದ! ಅವಳು ಬಂದದ್ದು ಮೂರನೆಯವಳಾಗಿ. ಅವನು ಕುಣಿದದ್ದು ನೋಡಿದರೆ ಹಾಗನ್ನಿಸುತ್ತಿರಲಿಲ್ಲ.

ಹೆಮ್ಮೆಯಿಂದ ಉಬ್ಬಿಹೋಗಿ ಜೇಬಿನ ಹಾಳೆ ತೆಗೆದು, ಅಲ್ಲೇ ಮೂರು ಕಾಲಂ ತುಂಬಿದ. ನಾಲ್ಕನೆಯದಕ್ಕೆ ಬಂದಾಗ ಒದ್ದೆ ಕೈಯೊಂದು ಪೆನ್ನು ಕಿತ್ತುಕೊಂಡಿತು. ಮಗಳು ಬರೆದಳು: 'ನನ್ನ ಪಂದ್ಯ ನೋಡಿದರು.'